ಕೋಲು ಹಿಡಿಯುವ ಕೈಗೆ ಕಾರಣವೂ ಗೊತ್ತಿರಲಿ

ಅಮೆರಿಕದಲ್ಲಿರುವ ಮಗನೋ ಮಗಳೋ ‘ಮಗು ಈ ವರ್ಷ ಬ್ಯಾಂಡಿಗೆ ಸೇರಿದೆ’ ಎಂದು ಫೋನಿನಲ್ಲಿ ಹೇಳಿದಾಗ, ಊರಿನಲ್ಲಿರುವ ಅಜ್ಜ ಅಜ್ಜಿಯರ ಕಣ್ಣ ಮುಂದೆ ಬರುವುದು ಸ್ವಾತಂತ್ರ್ಯ ದಿನದ ಬೆಳಿಗ್ಗೆ ಶಾಲೆಯ ಮೈದಾನವನ್ನು ಸುತ್ತುಹಾಕುವ ಎಂಟು ಹತ್ತು ಮಕ್ಕಳ ತಂಡ. ಇಲ್ಲಿನ ಮಾರ್ಚಿಂಗ್ ಬ್ಯಾಂಡ್ ಅದಲ್ಲ. ನಾನು ನೆಲೆಸಿರುವ ಟೆಕ್ಸಸ್‌ನಲ್ಲಿ ದೊಡ್ಡ ಪ್ರೌಢಶಾಲೆಯೊಂದರ ಬ್ಯಾಂಡಿನಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳಿರುವುದುಂಟು. ಬೇಸಿಗೆ ರಜೆ ಮುಗಿಯುವ ಮೊದಲೇ, ಕಾದ ಡಾಂಬರಿನ ಅಂಗಳದಲ್ಲಿ ಅಭ್ಯಾಸ ಶುರುವಾಗುತ್ತದೆ. ಶಾಲೆ ತೆರೆದ ಮೇಲೆ, ಪಾಠದ ಸಮಯದ ಹೊರಗೆ ವಾರಕ್ಕೆ 8 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸಕೂಡದು ಎಂದು ನಿಯಮವನ್ನೇ ಮಾಡಬೇಕಾಗಿ ಬಂದಿದೆ ಎಂದರೆ ಅದರ ತೀವ್ರತೆಯನ್ನು ಊಹಿಸಬಹುದು. ದೈಹಿಕ ಶಿಕ್ಷಣದ ಬದಲಿಗೆ ಬ್ಯಾಂಡಿನ ತರಬೇತಿಯನ್ನೇ ಲೆಕ್ಕಕ್ಕೆ ಹಿಡಿಯಲು ಈ ರಾಜ್ಯದಲ್ಲಿ ಅವಕಾಶವಿದೆ. ಫುಟ್‌ಬಾಲ್ ಆಡುವ ಹುಡುಗನಂತೆಯೇ ಬ್ಯಾಂಡಿನ ಹುಡುಗಿಯೂ ವೈದ್ಯರಿಂದ ತಪಾಸಣೆಯ ಪತ್ರ ತರಬೇಕು. ಇದು ಸಂಗೀತ ಹೌದು, ಜೊತೆಗೆ ಶರೀರಶ್ರಮದ ಕ್ರೀಡೆಯೂ ಹೌದು.

ಈ ದೊಡ್ಡ ಬ್ಯಾಂಡಿನೊಳಗೆ ತಾಳವಾದ್ಯದವರದ್ದೇ ಒಂದು ಪ್ರತ್ಯೇಕ ಪಂಗಡ. ಅದಕ್ಕೆ ‘ಡ್ರಮ್‌ಲೈನ್’ ಎನ್ನುತ್ತಾರೆ. ಅಲ್ಲಿ ಪ್ರತಿ ವರ್ಷ ಒಂದು ವಾದ ಏಳುತ್ತದೆ: ಸ್ನೇರ್ ಡ್ರಮ್ ಬಾರಿಸುವವರು ಎಡಗೈಯ ಕೋಲನ್ನು ಹೇಗೆ ಹಿಡಿಯಬೇಕು? ಎರಡು ಕೈಗಳೂ ಒಂದೇ ರೀತಿ ಹಿಡಿಯುವ ‘ಮ್ಯಾಚ್ಡ್ ಗ್ರಿಪ್’ ಸಾಕೇ, ಅಥವಾ ಎಡ ಅಂಗೈಯನ್ನು ಮೇಲಕ್ಕೆ ತಿರುಗಿಸಿ ಹಿಡಿಯುವ ‘ಟ್ರೆಡಿಷನಲ್ ಗ್ರಿಪ್’ ಬೇಕೇ? ಹೊರಗಿನವರಿಗೆ ಇದು ಕೂದಲು ಸೀಳುವ ಚರ್ಚೆ ಎನಿಸಬಹುದು. ಆದರೆ ಹದಿನಾಲ್ಕು ವಯಸ್ಸಿನ ಮಗು ತಂಡದೊಳಗೆ ಇರುವುದೋ ಹೊರಗೆ ಉಳಿಯುವುದೋ ಎಂಬುದು ಎಷ್ಟೋ ಶಾಲೆಗಳಲ್ಲಿ ಈ ಒಂದು ಹಿಡಿತದ ಮೇಲೆ ನಿಂತಿರುತ್ತದೆ. ಕೈ, ಮಣಿಕಟ್ಟು, ಬೆನ್ನುಗಳ ನೋವಿಗೆ ಚಿಕಿತ್ಸೆ ಕೊಡುವುದೇ ನನ್ನ ವೃತ್ತಿ. ಮನೆಯಲ್ಲಿ ಡ್ರಮ್ ಬಾರಿಸುವ ಮಗಳಿದ್ದಾಳೆ. ಆದ್ದರಿಂದ ಈ ವಿಷಯದಲ್ಲಿ ನನಗೊಂದು ಖಚಿತ ಅಭಿಪ್ರಾಯವಿದೆ. ಶಾಲೆಗಳು ಎಲ್ಲ ಮಕ್ಕಳಿಗೂ ಮೊದಲು ಸಮಹಿಡಿತವನ್ನು ಕಲಿಸಬೇಕು. ಸಾಂಪ್ರದಾಯಿಕ ಹಿಡಿತವನ್ನು ಬಯಸಿದವರಿಗೆ, ಸಾಕಷ್ಟು ಕಾಲಾವಕಾಶ ಕೊಟ್ಟು, ಅದರ ಹಿನ್ನೆಲೆಯ ಸಮೇತ ಕಲಿಸಬೇಕು. ಅದನ್ನು ತಂಡದ ಪ್ರವೇಶದ ಷರತ್ತನ್ನಾಗಿ ಮಾಡಬಾರದು.

ಈ ವಿಚಿತ್ರ ಎಡಗೈ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ಯೂರೋಪಿನ ಕಾಲಾಳು ಪಡೆಗಳಲ್ಲಿ ಡ್ರಮ್ ಬಾರಿಸುವವನು ಸಂದೇಶವಾಹಕನೂ ಆಗಿದ್ದ. ಏಳುವ ಹೊತ್ತು, ಊಟದ ಹೊತ್ತು, ಮುನ್ನಡೆ, ಹಿಮ್ಮೆಟ್ಟುವಿಕೆ ಎಲ್ಲಕ್ಕೂ ಒಂದೊಂದು ಬಡಿತವಿತ್ತು. ಅವನ ಡ್ರಮ್ ಬಲ ಹೆಗಲ ಮೇಲಿಂದ ಹಾಯ್ದ ಪಟ್ಟಿಯಲ್ಲಿ ತೂಗಿ ಎಡ ತೊಡೆಯ ಮೇಲೆ ಕೂರುತ್ತಿತ್ತು. ಹಾಗೆ ತೂಗಿದ ಡ್ರಮ್ ಸಮತಟ್ಟಾಗಿ ನಿಲ್ಲದು. ಎಡ ಅಂಚು ಮೇಲೇರಿ, ಬಲಕ್ಕೆ ಇಳಿಜಾರಾಗಿ ವಾಲುತ್ತದೆ. ಬಲಗೈಗೆ ತೊಂದರೆಯಿಲ್ಲ. ಎಡಗೈಯನ್ನು ಅಂಗೈ ಕೆಳಮುಖವಾಗಿಟ್ಟು ಬಾರಿಸಬೇಕಾದರೆ ಮಾತ್ರ ಮೊಣಕೈಯನ್ನು ರೆಕ್ಕೆಯಂತೆ ಎತ್ತಿ ಹಿಡಿಯಬೇಕು. ಮೈಲಿಗಟ್ಟಲೆ ನಡೆಯುವ ಸೈನಿಕನಿಗೆ ಅದು ಆಗದ ಮಾತು. ಆದ್ದರಿಂದ ಅವನು ಎಡ ಅಂಗೈಯನ್ನು ಮೇಲಕ್ಕೆ ತಿರುಗಿಸಿದ. ಕೋಲನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಸಂದಿಯಲ್ಲಿ ಕೂರಿಸಿ, ಉಂಗುರ ಬೆರಳ ಮೇಲೆ ಒರಗಿಸಿ, ತೋರುಬೆರಳು ಮತ್ತು ಮಧ್ಯದ ಬೆರಳುಗಳಿಂದ ಮೇಲಿನಿಂದ ಹಿಡಿತದಲ್ಲಿಟ್ಟ. ಡ್ರಮ್ ವಾಲಿದ್ದಕ್ಕೆ ಕೈ ತಿರುಗಿತು. ಇದರ ಹಿಂದೆ ಬೇರೆ ಗುಟ್ಟಿಲ್ಲ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ, ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್ ತಂಡಗಳಲ್ಲಿ, ಅಮೆರಿಕದ ಸೇನೆಯಲ್ಲಿ ಈ ಎಡಗೈಯ ಸುತ್ತ ಒಂದು ದೊಡ್ಡ ವಿದ್ಯೆಯೇ ಬೆಳೆಯಿತು. ನಮ್ಮ ಮೃದಂಗದ ಪಾಠಾಕ್ಷರಗಳಿಗೆ ಸಮಾನವಾದ ಮೂಲ ಪಾಠಗಳು ಇವರಲ್ಲೂ ಇವೆ. ಅವುಗಳಿಗೆ ‘ರೂಡಿಮೆಂಟ್’ ಎಂದು ಹೆಸರು. 1933ರಲ್ಲಿ ಅಮೆರಿಕದ ಡ್ರಮ್ ವಾದಕರು ಸಂಘ ಕಟ್ಟಿಕೊಂಡು ಇಂಥ 26 ಪಾಠಗಳನ್ನು ಪ್ರಮಾಣೀಕರಿಸಿದರು. ಇಂದು ಜಗತ್ತಿನಾದ್ಯಂತ 40 ಪಾಠಗಳ ಪಟ್ಟಿ ಬಳಕೆಯಲ್ಲಿದೆ. ಸೇನೆಯ ಡ್ರಮ್‌ನಿಂದ ಜಾಝ್ ಸಂಗೀತಕ್ಕೆ ಬಂದವರು ತಮ್ಮ ಎಡಗೈಯನ್ನೂ ಹಾಗೆಯೇ ತಂದರು. ಕುಳಿತು ಬಾರಿಸುವ ಡ್ರಮ್ಮನ್ನೂ ಓರೆಯಾಗಿಟ್ಟು ಅದೇ ಹಿಡಿತದಲ್ಲಿ ಬಾರಿಸಿದರು. ಬಡ್ಡಿ ರಿಚ್ ಎಂಬ ಮಹಾನ್ ವಾದಕನ ಎಡಗೈಯ ವೇಗವನ್ನು ಕಂಡ ಯಾರೂ ಈ ಹಿಡಿತವನ್ನು ಕೀಳೆಂದು ಹೇಳಲಾರರು.

ಸಮಹಿಡಿತವೇನೂ ಹೊಸದಲ್ಲ, ವಾದ್ಯವೃಂದಗಳಲ್ಲಿ ಟಿಂಪನಿ ಬಾರಿಸುವವರು ಬಹುಕಾಲದಿಂದ ಬಳಸುತ್ತಿದ್ದದ್ದು ಅದನ್ನೇ. ಆದರೆ ಅದು ಮನೆಮನೆಯ ಕಣ್ಣಿಗೆ ಬಿದ್ದದ್ದು 1964ರ ಫೆಬ್ರವರಿ 9ರಂದು, ಬೀಟಲ್ಸ್ ತಂಡ ಅಮೆರಿಕದ ದೂರದರ್ಶನದ ನೇರಪ್ರಸಾರದಲ್ಲಿ ಮೊದಲ ಬಾರಿ ಕಾಣಿಸಿಕೊಂಡಾಗ. ಸುಮಾರು 7.3 ಕೋಟಿ ಜನ ನೋಡಿದ ಆ ಕಾರ್ಯಕ್ರಮದಲ್ಲಿ ರಿಂಗೊ ಸ್ಟಾರ್ ಎರಡೂ ಕೋಲುಗಳನ್ನು ಒಂದೇ ರೀತಿ ಹಿಡಿದಿದ್ದರು. ಅಂದಿನ ಮಕ್ಕಳು ಅದನ್ನೇ ಅನುಕರಿಸಿದರು. ಮೆರವಣಿಗೆಯ ಲೋಕದಲ್ಲಿ ಬದಲಾವಣೆ ಬಂದದ್ದು ಇನ್ನೊಂದು ದಾರಿಯಿಂದ. ಕಾಲಕ್ರಮದಲ್ಲಿ ಹೆಗಲ ಪಟ್ಟಿಯ ಜಾಗಕ್ಕೆ ಎರಡೂ ಭುಜಗಳ ಮೇಲೆ ಕೂರುವ ಲೋಹದ ಚೌಕಟ್ಟು ಬಂತು. ಅದು ಡ್ರಮ್ಮನ್ನು ಹೊಟ್ಟೆಯ ಮುಂದೆ ಮೇಜಿನಂತೆ ಸಮತಟ್ಟಾಗಿ ನಿಲ್ಲಿಸುತ್ತದೆ. ಡ್ರಮ್ ನೆಟ್ಟಗಾಯಿತು, ಕೈ ಮಾತ್ರ ತಿರುಗಿದಂತೆಯೇ ಉಳಿಯಿತು. ಕೆಲವು ತಂಡಗಳು ಸಾಂಪ್ರದಾಯಿಕ ಹಿಡಿತಕ್ಕೆ ಅನುಕೂಲವಾಗಲೆಂದು ನೆಟ್ಟಗಿರುವ ಡ್ರಮ್ಮನ್ನು ಬೇಕೆಂದೇ ತುಸು ವಾಲಿಸಿಕೊಳ್ಳುವುದೂ ಉಂಟು!

ಈ ವಾದ ಸ್ನೇರ್‌ನವರಿಗೆ ಮಾತ್ರ ಸೀಮಿತ ಎಂಬುದನ್ನೂ ಗಮನಿಸಬೇಕು. ಅದೇ ಸಾಲಿನಲ್ಲಿ ನಾಲ್ಕೈದು ಡ್ರಮ್‌ಗಳ ಗುಚ್ಛವನ್ನು ಹೊರುವ ಟೆನರ್ ವಾದಕರಿರುತ್ತಾರೆ. ಒಂದು ಡ್ರಮ್‌ನಿಂದ ಇನ್ನೊಂದಕ್ಕೆ ಕೈಗಳು ಅಡ್ಡಡ್ಡ ಹಾರಬೇಕಾದ್ದರಿಂದ ಅವರದ್ದು ಸಮಹಿಡಿತವೇ. ಬಾಸ್ ಡ್ರಮ್‌ನವರು ಎರಡು ಪಕ್ಕಗಳಲ್ಲಿ ಎರಡು ಕೈಗಳನ್ನು ಕನ್ನಡಿಯ ಬಿಂಬದಂತೆ ಬಳಸುತ್ತಾರೆ. ಅವರೂ ಅದೇ ಮೈದಾನದಲ್ಲಿ, ಅದೇ ತೀರ್ಪುಗಾರರ ಮುಂದೆ, ಅದೇ ಕಠಿಣ ಲಯವನ್ನು ನುಡಿಸುತ್ತಾರೆ. ಅವರ ಶಿಸ್ತನ್ನು ಯಾರೂ ಪ್ರಶ್ನಿಸುವುದಿಲ್ಲ. ಹಾಗಿರುವಾಗ ಸ್ನೇರ್‌ನವರು ಸಮಹಿಡಿತದಲ್ಲಿ ನುಡಿಸಿದರೆ ಮಾತ್ರ ಅದು ಸೋಮಾರಿತನ ಹೇಗಾದೀತು?

ಇಲ್ಲಿ ನಮ್ಮ ನಾಡಿನ ವಾದ್ಯಗಳನ್ನು ನೆನೆಯುವುದು ಉಚಿತ. ಎರಡು ಕೈಗಳು ಎರಡು ಬಗೆಯಾಗಿರುವುದು ನಮಗೆ ಹೊಸದೇನಲ್ಲ. ಡೊಳ್ಳು ಬಾರಿಸುವವರ ಒಂದು ಕೈಯಲ್ಲಿ ಕೋಲು, ಇನ್ನೊಂದು ಬರಿಗೈ. ತಮಟೆಯವರ ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳುಕಡ್ಡಿ. ತೆಳುಕಡ್ಡಿ ಹಿಡಿದ ಕೈಯೇ ತಮಟೆಯ ಅಂಚನ್ನೂ ಆನಿಸಿಕೊಳ್ಳುತ್ತದೆ. ಮೃದಂಗದ ಬಲ ಮುಖದಲ್ಲಿ ಕರಣೆ, ಎಡ ಮುಖದಲ್ಲಿ ರವೆಯ ಕಣಕ. ಅಲ್ಲೆಲ್ಲ ಕೈಗಳು ಬೇರೆಯಾಗಿರುವುದಕ್ಕೆ ಕಾರಣ ಇಂದಿಗೂ ವಾದ್ಯದಲ್ಲೇ ಇದೆ; ಎರಡು ಕೈಗಳಿಂದ ಎರಡು ನಾದ ಹೊರಡುತ್ತದೆ. ಸ್ನೇರ್ ಡ್ರಮ್‌ನ ಮಾತು ಇದಕ್ಕೆ ತಿರುಗುಮುರುಗು. ಅಲ್ಲಿ ಎರಡು ಕೈಗಳ ಪೆಟ್ಟೂ ಒಂದೇ ಚರ್ಮದ ಮೇಲೆ ಬಿದ್ದು, ಎಡದ್ದು ಯಾವುದು ಬಲದ್ದು ಯಾವುದು ಎಂದು ಕಿವಿಗೆ ತಿಳಿಯದಂತೆ ಕೇಳಿಸಬೇಕು. ಎಂಟು ಜನ ಬಾರಿಸಿದರೂ ಒಬ್ಬರೇ ಬಾರಿಸಿದಂತಿರಬೇಕು. ಗುರಿ ಸಮಾನತೆಯಾಗಿರುವಾಗ ಅಸಮಾನ ಕೈಗಳಿಂದ ಹೊರಡುವುದು ಕಷ್ಟದ ದಾರಿಯನ್ನೇ ಆರಿಸಿಕೊಂಡಂತೆ. ಕಷ್ಟದ ದಾರಿಯನ್ನು ಯಾರೂ ಹಿಡಿಯಬಾರದೆಂದಲ್ಲ. ಅದು ಹಿಡಿಯುವವರ ಇಚ್ಛೆಯಾಗಿರಬೇಕು.

ಈಗ ವೈದ್ಯನಾಗಿ ನಾಲ್ಕು ಮಾತು. ಸಮಹಿಡಿತದಲ್ಲಿ ಮಣಿಕಟ್ಟು ಮೇಲೆ ಕೆಳಗೆ ಬಾಗುತ್ತದೆ. ಬಾಗಿಲು ತಟ್ಟುವ ಚಲನೆ ಅದು. ಸಾಂಪ್ರದಾಯಿಕ ಹಿಡಿತದ ಎಡಗೈಯಲ್ಲಿ ಮುಂದೋಳೇ ತನ್ನ ಅಕ್ಷದ ಮೇಲೆ ಹೊರಳುತ್ತದೆ. ಬೀಗದಲ್ಲಿ ಕೀಲಿಕೈ ತಿರುಗಿಸುವ ಚಲನೆ ಇದು. ಮುಂದೋಳಿನಲ್ಲಿರುವ ಎರಡು ಮೂಳೆಗಳಲ್ಲಿ ಹೆಬ್ಬೆರಳ ಕಡೆಯದು ಇನ್ನೊಂದರ ಸುತ್ತ ಹೊರಳುವುದರಿಂದ ಈ ಚಲನೆ ಸಾಧ್ಯವಾಗುತ್ತದೆ. ಎರಡೂ ಸಹಜ ಚಲನೆಗಳೇ. ಆದ್ದರಿಂದ ಒಂದು ಹಿಡಿತ ವಿಷ, ಇನ್ನೊಂದು ಅಮೃತ ಎಂದು ಹೇಳುವುದು ವೈದ್ಯಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ವ್ಯತ್ಯಾಸವಿರುವುದು ಬೇರೆಡೆ. ಸಮಹಿಡಿತದಲ್ಲಿ ಬಲಗೈ ಕಲಿತದ್ದನ್ನು ಎಡಗೈಗೆ ತೋರಿಸಿಕೊಡಬಹುದು. ಶಿಕ್ಷಕರೂ ಎರಡು ಕೈಗಳನ್ನು ಹೋಲಿಸಿ ಒಂದೇ ನೋಟದಲ್ಲಿ ತಪ್ಪು ಹಿಡಿಯಬಹುದು. ಸಾಂಪ್ರದಾಯಿಕ ಹಿಡಿತದಲ್ಲಿ ಎಡಗೈ ಬೇರೆಯದೇ ಸ್ನಾಯುಗಳಿಂದ, ಬೇರೆಯದೇ ಪಾಠವನ್ನು ಮೊದಲಿನಿಂದ ಕಲಿಯಬೇಕು. ಅಲ್ಲಿ ಹೆಬ್ಬೆರಳಿಗೂ ಅದರ ಬುಡದ ಸಂದಿಗೂ ಹೆಚ್ಚು ಕೆಲಸ. ಹೊಸಬರು ಕೋಲು ಜಾರೀತೆಂಬ ಭಯದಿಂದ ಬಿಗಿಹಿಡಿಯುತ್ತಾರೆ. ಉಂಗುರ ಬೆರಳಿನ ಪಕ್ಕದಲ್ಲಿ, ಹೆಬ್ಬೆರಳ ಸಂದಿಯಲ್ಲಿ ಬೊಬ್ಬೆಗಳು ಏಳುತ್ತವೆ.

ಇದರ ಜೊತೆಗೆ ಇಂದಿನ ಮೆರವಣಿಗೆಯ ಸ್ನೇರ್‌ನ ಚರ್ಮ ಪ್ರಾಣಿಯ ಚರ್ಮವಲ್ಲ. ಗುಂಡುನಿರೋಧಕ ಕವಚಗಳಲ್ಲಿ ಬಳಸುವ ಕೆವ್ಲಾರ್ ಮಾದರಿಯ ನೂಲಿನಿಂದ ಹೆಣೆದು, ಮೇಜಿನ ಹಲಗೆಯಷ್ಟು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಪೆಟ್ಟಿನ ಆಘಾತವನ್ನು ಅದು ಹೆಚ್ಚಾಗಿ ಹೀರಿಕೊಳ್ಳುವುದಿಲ್ಲ. ಕೋಲಿನ ಮೂಲಕ ಕೈಗೇ ಹಿಂದಿರುಗಿಸುತ್ತದೆ. ಡ್ರಮ್ ಮತ್ತು ಚೌಕಟ್ಟು ಸೇರಿ ಹತ್ತು ಕಿಲೋಗ್ರಾಂ ಆಸುಪಾಸಿನ ಭಾರ ಭುಜ ಮತ್ತು ಸೊಂಟಗಳ ಮೇಲಿರುತ್ತದೆ. ಇಷ್ಟೆಲ್ಲದರ ನಡುವೆ ಮಗುವಿಗೆ ಏಟಾಗುವುದು ಹಿಡಿತದ ಹೆಸರಿನಿಂದಲ್ಲ, ಪ್ರಮಾಣದಿಂದ. ದಿನಕ್ಕೆ ಅರ್ಧ ಗಂಟೆ ಬಾರಿಸುತ್ತಿದ್ದ ಕೈ ಒಂದೇ ವಾರದಲ್ಲಿ ನಾಲ್ಕು ಗಂಟೆ ಬಾರಿಸಿದರೆ ಸ್ನಾಯುರಜ್ಜುಗಳು ಊದಿಕೊಳ್ಳುತ್ತವೆ. ಅದರ ಮೇಲೆ, ಅದೇ ವಾರದಲ್ಲಿ, ಹೊಸ ಹಿಡಿತವನ್ನೂ ಕಲಿಯೆಂದರೆ ನೋವನ್ನು ಆಹ್ವಾನಿಸಿದಂತೆಯೇ. ನನ್ನ ಆಕ್ಷೇಪವಿರುವುದು ಸಾಂಪ್ರದಾಯಿಕ ಹಿಡಿತದ ಮೇಲಲ್ಲ. ಆಯ್ಕೆಯ ದಿನಾಂಕವನ್ನು ಮುಂದಿಟ್ಟು ಮೂರು ವಾರದಲ್ಲಿ ಅದನ್ನು ಕಲಿತು ಬಾ ಎನ್ನುವ ಪದ್ಧತಿಯ ಮೇಲೆ.

ಅಂಥ ಒಬ್ಬ ಹುಡುಗ ನನ್ನ ಬಳಿ ಬಂದಿದ್ದ. ಕನ್ನಡದ ಮನೆಯವನೇ. ಎರಡು ವರ್ಷ ಸಮಹಿಡಿತದಲ್ಲಿ ಚೆನ್ನಾಗಿಯೇ ಬಾರಿಸುತ್ತಿದ್ದವನಿಗೆ, ಸ್ನೇರ್ ಸಾಲಿಗೆ ಬರಬೇಕಾದರೆ ಬೇಸಿಗೆಯೊಳಗೆ ಸಾಂಪ್ರದಾಯಿಕ ಹಿಡಿತ ಬರಲೇಬೇಕು ಎಂದು ಶಾಲೆಯಲ್ಲಿ ಹೇಳಿದ್ದರು. ರಾತ್ರಿ ಬಾಗಿಲು ಮುಚ್ಚಿಕೊಂಡು ರಬ್ಬರ್ ಹಲಗೆಯ ಮೇಲೆ ಗಂಟೆಗಟ್ಟಲೆ ಅಭ್ಯಾಸ ಮಾಡಿದ. ಎಡ ಮಣಿಕಟ್ಟಿನಲ್ಲಿ ಹೆಬ್ಬೆರಳ ಕಡೆಗೆ ನೋವು ಬಂತು. ಹೇಳಿದರೆ ಜಾಗ ಹೋದೀತೆಂದು ಶಿಕ್ಷಕರಿಗೆ ಹೇಳಲಿಲ್ಲ. ಮನೆಯಲ್ಲಿ ಹೇಳಿದಾಗ, ಕಾಲೇಜಿನ ಅರ್ಜಿಯಲ್ಲಿ ‘ನಾಲ್ಕು ವರ್ಷ ಬ್ಯಾಂಡ್’ ಎಂದು ಬರೆಯಬೇಕಲ್ಲವೇ, ಇನ್ನೆರಡು ತಿಂಗಳು ತಡೆದುಕೋ ಎಂದರು. ನನ್ನೆದುರು ಕುಳಿತಾಗ ಅವನಿಗೆ ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಆಗುತ್ತಿರಲಿಲ್ಲ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳ ಕಡೆಗೆ ವಾಲಿಸಿದೊಡನೆ ಮುಖ ಕಿವುಚಿದ. ಹೆಬ್ಬೆರಳನ್ನು ಚಲಿಸುವ ಎರಡು ರಜ್ಜುಗಳು ಹಾಯುವ ಕಿರಿದಾದ ಕೊಳವೆ ಊದಿಕೊಂಡಿತ್ತು. ಪಟ್ಟಿ ಕಟ್ಟಿ ಕೆಲವು ವಾರಗಳ ವಿಶ್ರಾಂತಿ ಹೇಳಿದೆ. ನೋವು ಇಳಿಯಿತು. ಆ ಋತು ಅವನು ಬಾಸ್ ಡ್ರಮ್‌ಗೆ ಹೋದ. ಅದು ಕೀಳು ವಾದ್ಯವೇನಲ್ಲ, ಆದರೆ ಅವನು ಅದನ್ನು ಹಿಂಬಡ್ತಿ ಎಂದೇ ತಿಳಿದ; ಸ್ನೇರ್ ಸಾಲಿನ ಗೆಳೆಯರ ಜೊತೆ ಊಟಕ್ಕೆ ಕೂರುವುದನ್ನೂ ಬಿಟ್ಟನೆಂದು ಅವನ ತಾಯಿ ಆಮೇಲೆ ಹೇಳಿದರು. ಕೈಗೆ ನಾನು ಮದ್ದು ಕೊಡಬಲ್ಲೆ. ಇದಕ್ಕೆ ನನ್ನ ಬಳಿ ಮದ್ದಿರಲಿಲ್ಲ.

ಎದುರು ಪಕ್ಷದ ವಾದವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಸಾಂಪ್ರದಾಯಿಕ ಹಿಡಿತವನ್ನು ಎತ್ತಿಹಿಡಿಯುವ ಶಿಕ್ಷಕರು ಮೂರು ಮಾತು ಹೇಳುತ್ತಾರೆ. ಮೊದಲನೆಯದು ಏಕರೂಪತೆ. ಮೆರವಣಿಗೆ ಕಣ್ಣಿಗೂ ಸಂಗೀತ. ಸಾಲಿನಲ್ಲಿ ಏಳು ಕೈ ಒಂದು ಬಗೆ, ಎಂಟನೆಯದು ಇನ್ನೊಂದು ಬಗೆಯಾದರೆ ಎದ್ದು ಕಾಣುತ್ತದೆ. ಎರಡನೆಯದು ಮುಂದಿನ ದಾರಿ. ಪ್ರೌಢಶಾಲೆಯ ನಂತರ ಡ್ರಮ್ ಕೋರ್ ಎಂಬ ದೊಡ್ಡ ತಂಡಗಳಿವೆ. ಅವುಗಳ ಒಕ್ಕೂಟವಾದ ಡ್ರಮ್ ಕೋರ್ ಇಂಟರ್‌ನ್ಯಾಷನಲ್ 1972ರಿಂದ ಬೇಸಿಗೆಯಲ್ಲಿ ಚಾಂಪಿಯನ್‌ಷಿಪ್ ನಡೆಸಿಕೊಂಡು ಬಂದಿದೆ. ಅಲ್ಲಿನ ಹೆಸರಾಂತ ಸ್ನೇರ್ ಸಾಲುಗಳಲ್ಲಿ ಹಲವು ಸಾಂಪ್ರದಾಯಿಕ ಹಿಡಿತವನ್ನೇ ಕೇಳುತ್ತವೆ. ಆ ಕನಸುಳ್ಳ ಮಗುವಿಗೆ ಅದನ್ನು ಕಲಿಸದಿದ್ದರೆ ಬಾಗಿಲು ಮುಚ್ಚಿದಂತಾಗುತ್ತದೆ. ಮೂರನೆಯದು ಪರಂಪರೆ. ಇನ್ನೂರು ಮುನ್ನೂರು ವರ್ಷಗಳಿಂದ ಕೈಯಿಂದ ಕೈಗೆ ಬಂದ ವಿದ್ಯೆ ನಮ್ಮ ಕಾಲದಲ್ಲಿ ನಿಂತುಹೋಗಬೇಕೇ ಎಂದು ಕೇಳುತ್ತಾರೆ.

ಮೂರಕ್ಕೂ ಉತ್ತರವಿದೆ. ಏಕರೂಪತೆ ಬೇಕಾದರೆ ಇಡೀ ಸಾಲು ಸಮಹಿಡಿತದಲ್ಲಿದ್ದರೂ ಅದು ಸಿಗುತ್ತದೆ. ಏಕರೂಪತೆಗೆ ಯಾವ ರೂಪವಾದರೂ ಸರಿ. ಡ್ರಮ್ ಕೋರ್ ಸೇರುವ ಮಕ್ಕಳು ಬೆರಳೆಣಿಕೆಯವರು; ಅವರಿಗಾಗಿ ಎರಡನೆಯ, ಮೂರನೆಯ ವರ್ಷದಲ್ಲಿ ವಿಶೇಷ ಪಾಠವಿರಲಿ. ಆದರೆ ಉಳಿದವರು ಮುಂದೆ ಕೈಹಾಕುವುದು ಮರಿಂಬಾ, ಟಿಂಪನಿ, ಟೆನರ್, ರಾಕ್ ಡ್ರಮ್ ಮುಂತಾದವುಗಳಿಗೆ. ಅಲ್ಲೆಲ್ಲ ಅನುಕೂಲಕ್ಕೆ ಬರುವುದು ಸಮಹಿಡಿತವೇ. ಪರಂಪರೆಯ ಪ್ರಶ್ನೆಯೇ ಎಲ್ಲಕ್ಕಿಂತ ಗಂಭೀರವಾದದ್ದು. ಕಾರಣವಿದ್ದಾಗ ಹುಟ್ಟಿದ ಪದ್ಧತಿ, ಕಾರಣ ಮರೆಯಾದ ಮೇಲೂ ಪ್ರೀತಿಯಿಂದ ಉಳಿಯಬಹುದು. ಆದರೆ ಪ್ರೀತಿಯಿಂದ ಉಳಿಯಬೇಕಾದದ್ದನ್ನು ಷರತ್ತಿನಿಂದ ಉಳಿಸಹೊರಟರೆ ಏನಾಗುತ್ತದೆಂದು ಪರದೇಶದಲ್ಲಿರುವ ನಮಗಿಂತ ಚೆನ್ನಾಗಿ ಬಲ್ಲವರಾರು? ಕಾರಣ ಹೇಳದೆ ಮಾಡಿಸಿದ ಸಂಧ್ಯಾವಂದನೆ, ಅರ್ಥ ಹೇಳದೆ ಬಾಯಿಪಾಠ ಮಾಡಿಸಿದ ಪದ್ಯ, ಬೈದು ಆಡಿಸಿದ ಕನ್ನಡ ಇವೆಲ್ಲ ಮಕ್ಕಳು ಕಾಲೇಜಿಗೆ ಮನೆ ಬಿಟ್ಟ ದಿನವೇ ಮನೆಯಲ್ಲಿ ಉಳಿದುಬಿಡುತ್ತವೆ.

ನನ್ನ ಮಗಳು ಎಡಗೈಯವಳು. ಚಿಕ್ಕಂದಿನಲ್ಲಿ ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋದಾಗಲೆಲ್ಲ ನನ್ನ ಅಮ್ಮ ಅವಳ ಎಡಗೈಯಿಂದ ಚಮಚ ತೆಗೆದು ಬಲಗೈಗೆ ಇಡುತ್ತಿದ್ದರು. ಅವಳು ಮರುಕ್ಷಣ ಎಡಕ್ಕೆ ಬದಲಿಸುತ್ತಿದ್ದಳು. ಇಬ್ಬರೂ ಸೋತವರಲ್ಲ. ಕರ್ನಾಟಕ ಸಂಗೀತದಲ್ಲಿ ಪಳನಿ ಸುಬ್ರಮಣ್ಯ ಪಿಳ್ಳೆಯವರಂಥ ಎಡಗೈಯ ಮೃದಂಗ ವಿದ್ವಾಂಸರು ವಾದ್ಯವನ್ನೇ ತಿರುಗಿಸಿ ಇಟ್ಟುಕೊಂಡು ನುಡಿಸಿ ಮೇರುಸ್ಥಾನಕ್ಕೇರಿದರು. ಸ್ನೇರ್ ಸಾಲಿನಲ್ಲಿ ಆ ಅವಕಾಶವಿಲ್ಲ. ಸಾಲಿನ ಎಲ್ಲರದ್ದೂ ಒಂದೇ ಮಗ್ಗುಲು. ಎಡಗೈಯ ಮಗುವೂ ಬಲಗೈಯವರಂತೆಯೇ ನುಡಿಸಬೇಕು. ಸಾಂಪ್ರದಾಯಿಕ ಹಿಡಿತವಾದರೆ ಅವಳ ಬಲವಾದ ಕೈಯೇ ಅಂಗೈ ಮೇಲಾಗಿ ತಿರುಗಬೇಕು. ಹತ್ತನೆಯ ತರಗತಿಗೆ ಬಂದಾಗ ಅವಳಿಗೆ ಆಯ್ಕೆ ಎದುರಾಯಿತು. ಅವಳ ಅದೃಷ್ಟಕ್ಕೆ ಅಲ್ಲಿ ಆಯ್ಕೆ ನಿಜಕ್ಕೂ ಆಯ್ಕೆಯೇ ಆಗಿತ್ತು: ಆ ವರ್ಷದ ಸಾಲು ಯಾವ ಹಿಡಿತದಲ್ಲಿರಬೇಕೆಂದು ಮಕ್ಕಳೇ ಕುಳಿತು ನಿರ್ಧರಿಸಬೇಕು, ಡಿಸೆಂಬರಿನಲ್ಲಿ ನಿರ್ಧರಿಸಿ ಆಗಸ್ಟಿಗೆ ಸಿದ್ಧರಾಗಬೇಕು ಎಂದು ಶಿಕ್ಷಕರು ಬಿಟ್ಟುಕೊಟ್ಟಿದ್ದರು.

ನಾನು ನನ್ನ ವಾದವನ್ನೆಲ್ಲ ಅವಳ ಮುಂದಿಟ್ಟೆ. ಡ್ರಮ್ ವಾಲಿದ್ದ ಕಥೆ ಹೇಳಿದೆ. ಮೂಳೆಗಳ ಚಿತ್ರ ಬರೆದು ತೋರಿಸಿದೆ. ಎಲ್ಲವನ್ನೂ ಕೇಳಿ, “ಅಪ್ಪ, ಡ್ರಮ್ ನೆಟ್ಟಗಿದೆ ಅಂತ ನಂಗೂ ಗೊತ್ತು. ಆದ್ರೂ ನಂಗೆ ಇದೇ ಬೇಕು” ಎಂದಳು. ಏಕೆಂದು ಕೇಳಿದೆ. ಎಡಗೈಯವಳಿಗೆ ಎಲ್ಲೆಡೆಯೂ ಕತ್ತರಿಯಿಂದ ಹಿಡಿದು ಮೇಜಿನವರೆಗೆ ಬಲಗೈಯವರ ಲೋಕಕ್ಕೆ ಹೊಂದಿಕೊಳ್ಳಬೇಕು. ಇದೊಂದರಲ್ಲಿ ಮಾತ್ರ ಎಲ್ಲರೂ ಕಷ್ಟಪಟ್ಟು ಎಡಗೈಯನ್ನು ಪಳಗಿಸುತ್ತಾರೆ, ಇಡೀ ಸಾಲಿನಲ್ಲಿ ಅತ್ಯಂತ ಕಠಿಣ ಕೆಲಸ ಎಡಗೈಗೇ ಬರುತ್ತದೆ ಎಂಬುದು ಅವಳ ಉತ್ತರ. ಸಮಾನತೆಯ ನನ್ನ ತರ್ಕದಲ್ಲಿ ಈ ಮಾತಿಗೆ ಎದುರುತ್ತರವಿರಲಿಲ್ಲ. ಎಂಟು ತಿಂಗಳಲ್ಲಿ, ಮೊದಲು ದಿನಕ್ಕೆ ಹತ್ತು ನಿಮಿಷ, ಆಮೇಲೆ ಇಪ್ಪತ್ತು ಹೀಗೆ ಹೆಚ್ಚಿಸುತ್ತ ಹೋಗಿ ಅವಳು ಅದನ್ನು ಕಲಿತಳು. ಬೊಬ್ಬೆಗಳಾದವು, ಒಣಗಿದವು. ನೋವಾಗಲಿಲ್ಲ.

ಅವಳ ನಿರ್ಧಾರದಿಂದ ನನ್ನ ಅಭಿಪ್ರಾಯ ಬದಲಾಗಿಲ್ಲ, ಇನ್ನಷ್ಟು ಗಟ್ಟಿಯಾಗಿದೆ. ಆ ಹುಡುಗ ಮತ್ತು ನನ್ನ ಮಗಳು ಕಲಿತದ್ದು ಒಂದೇ ಹಿಡಿತ. ಒಬ್ಬನಿಗೆ ಮೂರು ವಾರ ಮತ್ತು ಒಂದು ಷರತ್ತು ಸಿಕ್ಕಿತ್ತು. ಇನ್ನೊಬ್ಬಳಿಗೆ ಎಂಟು ತಿಂಗಳು ಮತ್ತು ಒಂದು ಕಾರಣ. ಸಮಹಿಡಿತದ ಅಡಿಪಾಯವಿದ್ದು, ಬೇಡ ಎನ್ನುವ ಸ್ವಾತಂತ್ರ್ಯವಿದ್ದು, ಬೇಕು ಎಂದವರ ಕೈಯಲ್ಲಿ ಈ ಹಳೆಯ ವಿದ್ಯೆ ಉಳಿಯುತ್ತದೆ. ಬಲವಂತದ ಕೈಯಲ್ಲಿ ಅದು ಮುಂದಿನ ಸ್ಪರ್ಧೆಯವರೆಗೆ ಮಾತ್ರ ಬಾಳುತ್ತದೆ.

ಇಲ್ಲಿಗೆ ಬರುವ ಆಲೋಚನೆಯಲ್ಲಿರುವ ತಂದೆ ತಾಯಿಯರಿಗೆ ಕೆಲವು ಪ್ರಾಯೋಗಿಕ ಮಾತುಗಳನ್ನು ಹೇಳಬೇಕು. ಮಗು ಡ್ರಮ್‌ಲೈನ್ ಸೇರಬೇಕೆಂದರೆ ಬೇಡವೆನ್ನಬೇಡಿ. ಭಾಷೆ ಇನ್ನೂ ಕುದುರದ ಹೊಸ ಮಗುವಿಗೆ ಶಾಲೆ ತೆರೆಯುವ ಮೊದಲೇ ಗೆಳೆಯರು ಸಿಗುವ ಜಾಗ ಇದು. ಸೇರಿಸುವ ಮೊದಲು ಶಿಕ್ಷಕರನ್ನು ಕಂಡು ಸ್ನೇರ್ ಸಾಲಿನ ಹಿಡಿತ ಯಾವುದು, ಅದನ್ನು ಯಾವಾಗಿನಿಂದ ಕಲಿಸುತ್ತೀರಿ, ನೋವು ಬಂದರೆ ಮಗುವಿನ ಜಾಗ ಉಳಿಯುತ್ತದೆಯೇ ಎಂದು ಕೇಳಿ. ಇಲ್ಲಿ ಶಿಕ್ಷಕರನ್ನು ಪ್ರಶ್ನಿಸುವುದು ಅವಿಧೇಯತೆಯಲ್ಲ. ಕೇಳುವ ಪೋಷಕರನ್ನು ಗೌರವದಿಂದಲೇ ಕಾಣುತ್ತಾರೆ. ಅಭ್ಯಾಸದ ಅವಧಿಯನ್ನು ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸಲಿ. ಬಾರಿಸುವಾಗಿನ ಆಯಾಸ ರಾತ್ರಿಗೆ ಇಳಿದರೆ ಚಿಂತೆಯಿಲ್ಲ. ಬೆಳಿಗ್ಗೆ ಏಳುವಾಗಲೂ ನೋವಿದ್ದರೆ, ಬೆರಳು ಜೋಮು ಹಿಡಿದರೆ, ಹಿಡಿದ ಲೋಟ ಜಾರಿದರೆ ವೈದ್ಯರ ಬಳಿ ಕರೆದೊಯ್ಯಿರಿ. ‘ತಡೆದುಕೋ’ ಎಂಬ ಮಾತನ್ನು ಮಾತ್ರ ಹೇಳಬೇಡಿ. ಕಾಲೇಜಿನ ಅರ್ಜಿಯ ಒಂದು ಸಾಲಿಗೆ ಮಣಿಕಟ್ಟನ್ನು ಒತ್ತೆಯಿಡುವುದು ಲಾಭದ ವ್ಯಾಪಾರವಲ್ಲ.

ಹಿಡಿತದ ಗದ್ದಲದಲ್ಲಿ ಎಲ್ಲರೂ ಮರೆಯುವ ಇನ್ನೊಂದು ಅಂಗವಿದೆ: ಕಿವಿ. ಊದಿದ ರಜ್ಜು ವಾಸಿಯಾಗುತ್ತದೆ. ಗದ್ದಲದಿಂದ ಸತ್ತ ಒಳಗಿವಿಯ ಕೋಶ ಮತ್ತೆ ಹುಟ್ಟುವುದಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ಸಹಿಸಬಹುದು; ಶಬ್ದ 3 ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ ಸಿಗುವುದು 15 ನಿಮಿಷ ಮಾತ್ರ. ಡ್ರಮ್‌ಲೈನ್‌ನ ನಡುವೆ ನಿಂತವರಿಗೆ ಅಷ್ಟು ಶಬ್ದ ಅಪರೂಪವಲ್ಲ. ಸಂಗೀತಗಾರರಿಗೆಂದೇ ತಯಾರಾದ, ನಾದವನ್ನು ಕೆಡಿಸದೆ ಮಟ್ಟವನ್ನಷ್ಟೇ ತಗ್ಗಿಸುವ ಕಿವಿಬಿರಡೆಗಳು ಕೆಲವೇ ಡಾಲರ್‌ಗಳಿಗೆ ಸಿಗುತ್ತವೆ. ಯಾವ ಹಿಡಿತವೇ ಇರಲಿ, ಅದನ್ನು ಮೊದಲ ದಿನವೇ ಕೊಡಿಸಿ.

ಊರಿನಲ್ಲಿರುವ ಹಿರಿಯರಲ್ಲಿ ಒಂದು ಬಿನ್ನಹ. ಶನಿವಾರದ ರಾತ್ರಿ ಸ್ಪರ್ಧೆ ಮುಗಿಸಿ ದಣಿದು ಬಂದ ಮೊಮ್ಮಗಳು ಭಾನುವಾರ ಫೋನಿಗೆ ಸಿಕ್ಕಾಗ, ಎಷ್ಟನೆಯ ಸ್ಥಾನ ಬಂತು ಎಂದು ಕೇಳುವುದಕ್ಕಿಂತ ಮೊದಲು, ಎಡಗೈ ನೋಯುತ್ತಿದೆಯೇ, ಕಿವಿಗೆ ಬಿರಡೆ ಹಾಕಿಕೊಂಡಿದ್ದೆಯಾ, ಕೋಲು ಹೇಗೆ ಹಿಡಿಯುತ್ತೀ ತೋರಿಸು ಎಂದು ಕೇಳಿ. ತನ್ನ ಹರಕು ಕನ್ನಡದಲ್ಲೇ ಅವಳು ವಾಲಿದ ಡ್ರಮ್‌ನ ಕಥೆಯನ್ನು ನಿಮಗೆ ಹೇಳತೊಡಗುತ್ತಾಳೆ. ನಡುವೆ ತಿದ್ದದೆ ಪೂರ್ತಿ ಕೇಳಿ.